ಕ್ಷಮಾದಾನವೂ ಪಶ್ಚಾತ್ತಾಪವೂ: ಕರ್ನಾಟಕದ ಎರಡು ಮೊಕದ್ದಮೆಗಳ ಚರಿತ್ರೆ

ಹುಮನಾಬಾದ್ ಮತ್ತು ಬಸವಕಲ್ಯಾಣಗಳ ನಡುವಿನ ರಾಜೇಶ್ವರದಂಥ ಊರುಗಳಲ್ಲಿ ಮರಣದಂಡನೆಯ ನೆನಪು ಹನ್ನೆರಡನೆಯ ಶತಮಾನದಷ್ಟು ಹಳೆಯದು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹವನ್ನು ಸಹಿಸದೆ ಬಿಜ್ಜಳನು ಆ ಇಬ್ಬರು ತಂದೆಯರನ್ನು ಘೋರವಾಗಿ ಕೊಲ್ಲಿಸಿದನೆಂಬ ಕಥನವನ್ನು ಶರಣ ಪರಂಪರೆ ಇಂದಿಗೂ ಕಾಪಾಡಿಕೊಂಡು ಬಂದಿದೆ. ಅಲ್ಲಿ ಸತ್ತವರು ನಿರಪರಾಧಿಗಳು. ಅವರಿಗಾಗಿ ಮರುಗಲು ದೇವಶಾಸ್ತ್ರದ ನೆರವು ಬೇಕಿಲ್ಲ. ಪ್ರಶ್ನೆ ಬಿಗಿಯಾಗುವುದು ಅಪರಾಧಿಯ ವಿಷಯದಲ್ಲಿ. ಕೊಂದದ್ದು ನಿಜವೆಂದು ಸಿದ್ಧವಾಗಿ, ಆಮೇಲೆ ಸೆರೆಮನೆಯಲ್ಲಿ ಬೇರೆಯೇ ಮನುಷ್ಯನಾದವನು ಜೀವದಾನಕ್ಕೆ ಅರ್ಹನೆ? ಪಶ್ಚಾತ್ತಾಪಪಟ್ಟಿದ್ದರೆ ಅರ್ಹನೆಂಬುದು ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ. ಆ ಉತ್ತರ ಸಾಲದೆಂದು ನನ್ನ ಅಭಿಪ್ರಾಯ.

ಮೊದಲ ಮೊಕದ್ದಮೆ ನಮಗೆ ಹತ್ತಿರದ ಕಲಬುರಗಿ ಜಿಲ್ಲೆಯದು; ಕಾನೂನಿನ ವರದಿಗಳಲ್ಲಿ ಸಾಯಿಬಣ್ಣ ಪ್ರಕರಣವೆಂದೇ ಹೆಸರಾಗಿದೆ. ಹೆಂಡತಿಯನ್ನು ಕೊಂದು ಜೀವಾವಧಿ ಶಿಕ್ಷೆಗೆ ಗುರಿಯಾಗಿದ್ದ ಈತನು 1994ರಲ್ಲಿ ಪರೋಲ್ ಮೇಲೆ ಹೊರಬಂದಾಗ ಎರಡನೆಯ ಹೆಂಡತಿಯನ್ನೂ ಮಗಳನ್ನೂ ಕೊಂದನು. ಕೈದಿ ಸುಧಾರಿಸುತ್ತಾನೆಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕೆ? ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಮರಣದಂಡನೆಯನ್ನು ಖಾಯಂ ಮಾಡಿತು. ಆದರೆ ತೀರ್ಪಿನ ಒಂದು ಕಾರಣವನ್ನು ಗಮನಿಸಬೇಕು: ಆಗಲೇ ಜೀವಾವಧಿ ಶಿಕ್ಷೆಯಲ್ಲಿರುವವನಿಗೆ ಮತ್ತೊಂದು ಜೀವಾವಧಿ ಶಿಕ್ಷೆ ವಿಧಿಸಿ ಪ್ರಯೋಜನವಿಲ್ಲ ಎಂಬುದು. ಜೀವಾವಧಿ ಕೈದಿ ಕೊಲೆ ಮಾಡಿದರೆ ಮರಣವೇ ಶಿಕ್ಷೆಯೆಂದು ಕಡ್ಡಾಯ ಮಾಡಿದ್ದ ದಂಡಸಂಹಿತೆಯ 303ನೆಯ ಕಲಮನ್ನು ಅದೇ ನ್ಯಾಯಾಲಯ 1983ರಲ್ಲಿ, ಮಿಟ್ಠು ಪ್ರಕರಣದಲ್ಲಿ, ರದ್ದುಪಡಿಸಿತ್ತು. ಮುಂಬಾಗಿಲಿನಿಂದ ಹೊರಗೆ ಹಾಕಿದ್ದು ಹಿತ್ತಿಲಿನಿಂದ ಒಳಗೆ ಬಂದಂತಾಯಿತು. 2009ರ ಬರಿಯಾರ್ ತೀರ್ಪಿನಲ್ಲಿ ನ್ಯಾಯಾಲಯವೇ ಈ ಅಸಂಗತಿಯನ್ನು ಎತ್ತಿ ತೋರಿಸಿತು. ಆದರೂ ಸೆರೆಯಲ್ಲಿದ್ದವನ ಸ್ಥಿತಿ ಬದಲಾಗಲಿಲ್ಲ. 2013ರಲ್ಲಿ ರಾಷ್ಟ್ರಪತಿಗಳು ಅವನ ಕ್ಷಮಾ ಅರ್ಜಿಯನ್ನು ತಿರಸ್ಕರಿಸಿದರು. ಕಡೆಗೆ 2023ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಆಧಾರವಾದದ್ದು ಅರ್ಜಿಯ ವಿಲೇವಾರಿಯಲ್ಲಿ ಆದ ವಿಳಂಬ ಮತ್ತು ಏಕಾಂತ ಸೆರೆ.

ಎರಡನೆಯದು ರಾಜ್ಯದ ದಕ್ಷಿಣ ಗಡಿಯದು. 1993ರ ಏಪ್ರಿಲ್ 9ರಂದು ಮಲೆಮಹದೇಶ್ವರ ಬೆಟ್ಟದ ಸಮೀಪದ ಪಾಲಾರಿನಲ್ಲಿ ವೀರಪ್ಪನ್ ತಂಡ ಹೂತಿಟ್ಟ ನೆಲಬಾಂಬಿಗೆ 22 ಮಂದಿ ಬಲಿಯಾದರು. ಅಂದು ಶುಭಶುಕ್ರವಾರ. ಮುಂದೆ ಗಲ್ಲಿನ ತೀರ್ಪು ಪಡೆದ ನಾಲ್ವರಲ್ಲಿ ಸೈಮನ್, ಬಿಲವೇಂದ್ರನ್ ಎಂಬ ಹೆಸರುಗಳಿರುವುದನ್ನು ಓದುವಾಗ ಕ್ರೈಸ್ತ ಓದುಗನ ಮನಸ್ಸು ಒಂದು ಕ್ಷಣ ತಡೆಯದಿರಲಾರದು. ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ಇವರಿಗೆ ಕೊಟ್ಟದ್ದು ಜೀವಾವಧಿ ಶಿಕ್ಷೆ. ಮೇಲ್ಮನವಿ ಹಿಡಿದು ದೆಹಲಿಗೆ ಹೋದವರ ಶಿಕ್ಷೆಯನ್ನು ಸರ್ವೋಚ್ಚ ನ್ಯಾಯಾಲಯ 2004ರ ಜನವರಿಯಲ್ಲಿ ಮರಣದಂಡನೆಗೆ ಏರಿಸಿತು. ಕ್ಷಮಾ ಅರ್ಜಿ ಒಂಬತ್ತು ವರ್ಷ ಕಡತದಲ್ಲಿದ್ದು, 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಯಿತು. ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ ಗಲ್ಲನ್ನು ಎದುರು ನೋಡುತ್ತಿದ್ದವರಿಗೆ ತಡೆಯಾಜ್ಞೆ ದೊರೆಯಿತು. 2014ರ ಜನವರಿ 21ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠವು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಈ ನಾಲ್ವರೂ ಸೇರಿ 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಪರಿವರ್ತಿಸಿತು. ಇಲ್ಲಿಯೂ ಮುಖ್ಯ ಕಾರಣ ವಿಳಂಬವೇ.

ಎರಡೂ ಕಡೆ ಜೀವ ಉಳಿಸಿದ್ದು ರಾಜ್ಯದ ತಪ್ಪು, ಕೈದಿಯ ಪರಿವರ್ತನೆಯಲ್ಲ. ನ್ಯಾಯಾಲಯಗಳು ವರ್ಷಗಳನ್ನು ಎಣಿಸಿದವು, ಆ ವರ್ಷಗಳೊಳಗೆ ಮನುಷ್ಯನಿಗೆ ಏನಾಯಿತೆಂದು ವಿಚಾರಿಸಲಿಲ್ಲ. ವಾಸ್ತವದಲ್ಲಿ 1980ರ ಬಚನ್ ಸಿಂಗ್ ತೀರ್ಪು ಹೊರೆಯನ್ನು ಸರ್ಕಾರದ ಮೇಲೆಯೇ ಇರಿಸಿತ್ತು: ಈತನು ಸುಧಾರಿಸಲಾರನೆಂದು ಸರ್ಕಾರವೇ ಸಾಕ್ಷ್ಯದಿಂದ ತೋರಿಸಬೇಕು. ಆ ಮಾತಿಗೆ ಕಾರ್ಯರೂಪ ಕೊಡಲು, ಸೆರೆಮನೆಯ ನಡತೆಯ ವರದಿ, ಮಾನಸಿಕ ಸ್ಥಿತಿಯ ವರದಿಗಳನ್ನು ತರಿಸಿಕೊಳ್ಳಬೇಕೆಂದು ಮನೋಜ್ ಪ್ರಕರಣದಲ್ಲಿ ಸ್ಪಷ್ಟವಾಗಿ ವಿಧಿಸುವ ಹೊತ್ತಿಗೆ 2022 ಬಂದಿತ್ತು.

ಹಾಗಾದರೆ ಪಶ್ಚಾತ್ತಾಪವನ್ನು ಅಳೆದು ಕ್ಷಮೆ ಕೊಡುವುದೇ ದಾರಿಯೆ? ಇಲ್ಲಿ ಹಿಂಜರಿಯುತ್ತೇನೆ. ಪಶ್ಚಾತ್ತಾಪವು ಜೀವದ ಬೆಲೆಯಾದ ದಿನ ಅದು ಅರ್ಜಿಯ ಒಂದು ಲಗತ್ತಾಗುತ್ತದೆ. ಮಾತು ಬಲ್ಲವನು, ದೀಕ್ಷಾಸ್ನಾನದ ಪ್ರಮಾಣಪತ್ರವುಳ್ಳವನು, ಪಾದ್ರಿಯ ಪರಿಚಯವಿದ್ದವನು ಬದುಕುತ್ತಾನೆ; ಓದುಬರಹ ಬಾರದೆ ಮೂಲೆಯಲ್ಲಿ ಮೌನವಾಗಿ ಕುಳಿತವನು ನೇಣಿಗೇರುತ್ತಾನೆ. ಆದಿಕಾಂಡದಲ್ಲಿ ಕಾಯಿನನಿಗೆ ರಕ್ಷಣೆಯ ಗುರುತು ದೊರೆತದ್ದು ಅವನು ಪಶ್ಚಾತ್ತಾಪಪಟ್ಟನೆಂದಲ್ಲ. ಅವನ ಬಾಯಿಂದ ಬಂದದ್ದು ತನ್ನ ಶಿಕ್ಷೆಯ ಭಾರದ ದೂರು ಮಾತ್ರ. ಇತ್ತ ಲೂಕನು ವರ್ಣಿಸುವ ದುಷ್ಕರ್ಮಿ ನಿಜವಾಗಿ ಪಶ್ಚಾತ್ತಾಪಪಟ್ಟನು, ಆದರೂ ಶಿಲುಬೆಯಿಂದ ಇಳಿಯಲಿಲ್ಲ.

ಸತ್ತವರ ಮನೆಯವರ ಪರವಾಗಿ ಕ್ಷಮಿಸುವ ಹಕ್ಕು ಸಭೆಗೂ ಇಲ್ಲ, ರಾಷ್ಟ್ರಪತಿಗಳಿಗೂ ಇಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. 1999ರಲ್ಲಿ ಒಡಿಶಾದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದರು; ಅದು ಅವರು ಮಾತ್ರ ಆಡಬಹುದಾಗಿದ್ದ ಮಾತು. ಪಾಲಾರಿನ 22 ಮನೆಗಳಿಂದ ಅಂಥ ಮಾತನ್ನು ನಿರೀಕ್ಷಿಸಲು ನಾವು ಯಾರು? ಆದರೆ ಸಂವಿಧಾನದ 72 ಮತ್ತು 161ನೆಯ ವಿಧಿಗಳು ಕೇಳುವುದು ಅವರ ಕ್ಷಮೆಯನ್ನಲ್ಲ. ಕೊಲ್ಲದೆ ಬಿಡುವ ಅಧಿಕಾರವನ್ನು ರಾಜ್ಯ ಬಳಸಬೇಕೇ ಎಂಬುದಷ್ಟೆ ಅಲ್ಲಿಯ ವಿಚಾರ. ಜೀವಾವಧಿ ಸೆರೆಯೂ ಶಿಕ್ಷೆಯೇ.

ಸಭೆಯ ಚರಿತ್ರೆಯಲ್ಲಿ ಈ ಭೇದವನ್ನು ಸ್ಪಷ್ಟವಾಗಿ ಕಂಡವನು ಹಿಪ್ಪೋವಿನ ಅಗಸ್ಟೀನನು. ಸುಮಾರು 412ರಲ್ಲಿ ಡೊನಾಟಿಸ್ಟ್ ಪಂಥದ ಕೆಲವರು ಅವನ ಪ್ರಾಂತದ ರೆಸ್ಟಿಟ್ಯೂಟಸನೆಂಬ ಪಾದ್ರಿಯನ್ನು ಕೊಂದು, ಇನ್ನೊಬ್ಬ ಪಾದ್ರಿಯ ಕಣ್ಣು ಕಿತ್ತು ಬೆರಳು ಕತ್ತರಿಸಿದರು, ತಪ್ಪನ್ನು ಒಪ್ಪಿಕೊಂಡರು. ಅವರನ್ನು ಕೊಲ್ಲಬಾರದು, ಅಂಗಚ್ಛೇದವನ್ನೂ ಮಾಡಬಾರದು, ಉಪಯುಕ್ತವಾದ ದುಡಿಮೆಗೆ ಹಚ್ಚಬೇಕೆಂದು ಅಗಸ್ಟೀನನು ಅಧಿಕಾರಿ ಮಾರ್ಸೆಲ್ಲೀನನಿಗೂ ಅವನ ಸೋದರ, ಪ್ರಾಂತಾಧಿಪತಿ ಅಪ್ರಿಂಗಿಯಸನಿಗೂ ಬರೆದನು. ಗಮನಿಸಿರಿ, ಅವರು ಬದಲಾಗಿದ್ದಾರೆಂದು ಅವನು ವಾದಿಸಲಿಲ್ಲ. ಅಪರಾಧಿಗಳ ಪರವಾಗಿ ಬಿಷಪರು ಏಕೆ ಬೇಡಿಕೊಳ್ಳುತ್ತೀರೆಂದು ಮ್ಯಾಸಿಡೋನಿಯಸನೆಂಬ ಅಧಿಕಾರಿ ಕೇಳಿದಾಗ ಕಾರಣವನ್ನು ವಿವರಿಸಿದನು: ನಡತೆ ತಿದ್ದಿಕೊಳ್ಳಲು ಈ ಬಾಳೊಂದೇ ಸ್ಥಳ, ಅದನ್ನು ಮೊಟಕುಗೊಳಿಸಿದರೆ ತಿದ್ದಿಕೊಳ್ಳುವುದೆಲ್ಲಿ? ಕ್ಷಮಾದಾನ ಅವನ ಪಾಲಿಗೆ ಸುಧಾರಣೆಗೆ ಕೊಡುವ ಬಹುಮಾನವಲ್ಲ, ಸುಧಾರಣೆಗೆ ಬಿಡುವ ಅವಕಾಶ. (ಇದೇ ಅಗಸ್ಟೀನನು ಡೊನಾಟಿಸ್ಟರ ಮೇಲೆ ರಾಜ್ಯದ ಬಲಪ್ರಯೋಗವನ್ನು ಸಮರ್ಥಿಸಿದನು, ರಾಜನ ಖಡ್ಗವನ್ನು ತತ್ತ್ವತಃ ಅಲ್ಲಗಳೆಯಲಿಲ್ಲ ಎಂಬುದನ್ನೂ ಮರೆಮಾಚಬಾರದು.)

413ರಲ್ಲಿ, ಹೆರಾಕ್ಲಿಯನನ ದಂಗೆಯಲ್ಲಿ ಪಾಲುಗೊಂಡರೆಂಬ ಆಪಾದನೆಯ ಮೇಲೆ, ಮಾರ್ಸೆಲ್ಲೀನನನ್ನೂ ಅಪ್ರಿಂಗಿಯಸನನ್ನೂ ಕಾರ್ಥೇಜಿನಲ್ಲಿ ಸೆರೆಹಿಡಿದರು. ಅಗಸ್ಟೀನನು ಈಗ ಇವರಿಬ್ಬರ ಜೀವಕ್ಕಾಗಿ ಬೇಡಿಕೊಂಡನು. ಸೆಪ್ಟೆಂಬರ್ 13ರಂದು ಇಬ್ಬರನ್ನೂ ಶಿರಚ್ಛೇದ ಮಾಡಲಾಯಿತು.