ಟಂಡ್ರಾದ ಗಿಡಗಳಿಗೆ ಚಳಿಯೊಂದೇ ಕಷ್ಟವಲ್ಲ

ಉತ್ತರ ಧ್ರುವದ ಸುತ್ತಲಿನ ಮರವಿಲ್ಲದ ನೆಲವೇ ಟಂಡ್ರಾ. ಅಲ್ಲಿ ಗಿಡ ಬೆಳೆಯಲು ಸಿಗುವುದು ಸಾಮಾನ್ಯವಾಗಿ ಎರಡು, ಎರಡೂವರೆ ತಿಂಗಳು. ಬೇಸಿಗೆಯಲ್ಲಿ ಮೇಲ್ಪದರ ಮಾತ್ರ ಕರಗುತ್ತದೆ, ಅದರ ಕೆಳಗಿನ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಇಂಥಲ್ಲಿ ಗಿಡಕ್ಕೆ ಏನು ಕಷ್ಟ ಎಂದರೆ ಯಾರಿಗೂ ಮೊದಲು ನೆನಪಾಗುವುದು ಚಳಿ. ವಿಜ್ಞಾನಿಗಳಿಗೂ ಬಹುಕಾಲ ಹಾಗೆಯೇ ಅನಿಸಿತ್ತು. ಆ ಉತ್ತರ ಸಾಲದೆಂದು ಗೊತ್ತಾದ ಮೇಲೆಯೇ ಈ ಶಾಸ್ತ್ರ ನಿಜವಾಗಿ ಬೆಳೆದದ್ದು.

ಶುರುವಾದದ್ದು ಪಟ್ಟಿ ಮಾಡುವುದರಿಂದ. ಸಸ್ಯವಿಜ್ಞಾನಿ ಲಿನೇಯಸ್ 1732ರಲ್ಲಿ ಲ್ಯಾಪ್‌ಲ್ಯಾಂಡ್ ಸುತ್ತಿಬಂದು, 1737ರಲ್ಲಿ ಅಲ್ಲಿನ ಸಸ್ಯಗಳ ಗ್ರಂಥ ಪ್ರಕಟಿಸಿದ. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಧ್ರುವಯಾತ್ರೆಯ ಹಡಗುಗಳು ಹೊತ್ತುತಂದ ಒಣಗಿದ ಗಿಡಗಳೇ ಆಧಾರವಾದವು. ಧ್ರುವದ ಗಿಡಗಳು ಆಲ್ಪ್ಸ್ ಶಿಖರಗಳಲ್ಲೂ ಏಕಿವೆ ಎಂಬ ಪ್ರಶ್ನೆಗೆ ಡಾರ್ವಿನ್ 1859ರಲ್ಲಿ ಹಿಮಯುಗದ ವಲಸೆಯನ್ನು ಕಾರಣವಾಗಿ ಹೇಳಿದ. 1937ರಲ್ಲಿ ಸ್ವೀಡನ್ನಿನ ಎರಿಕ್ ಹುಲ್ತೇನ್, ಅಲಾಸ್ಕ ಮತ್ತು ಸೈಬೀರಿಯಗಳ ನಡುವೆ ಹಿಮಯುಗದಲ್ಲಿ ತೆರೆದುಕೊಂಡಿದ್ದ ನೆಲಕ್ಕೆ 'ಬೆರಿಂಜಿಯ' ಎಂದು ಹೆಸರಿಟ್ಟು, ಅದು ಗಿಡಗಳ ಆಶ್ರಯತಾಣವಾಗಿತ್ತು ಎಂದು ವಾದಿಸಿದ.

ಇವೆಲ್ಲ ಗಿಡ ಎಲ್ಲಿದೆ, ಎಲ್ಲಿಂದ ಬಂತು ಎಂಬ ವಿಚಾರಗಳು. ಹೇಗೆ ಬದುಕುತ್ತದೆ ಎಂದು ಪಟ್ಟುಹಿಡಿದು ನೋಡಿದವರಲ್ಲಿ ಡೆನ್ಮಾರ್ಕಿನ ಥೋರ್ವಾಲ್ಡ್ ಸೋರೆನ್ಸೆನ್ ಮುಖ್ಯ. ಇಂದಿನ ವಿದ್ಯಾರ್ಥಿಗಳಿಗೆ ಅವನ ಹೆಸರು ಒಂದು ಗಣಿತ ಸೂತ್ರದಿಂದ ಮಾತ್ರ ಪರಿಚಯ, ಅದು ಅನ್ಯಾಯ. 1930ರ ದಶಕದಲ್ಲಿ ಈಶಾನ್ಯ ಗ್ರೀನ್‌ಲ್ಯಾಂಡಿನಲ್ಲಿ ವರ್ಷಗಟ್ಟಲೆ ಉಳಿದು ಮೊಗ್ಗುಗಳನ್ನು ಬಿಡಿಸಿ ನೋಡಿದ ಅವನು 1941ರಲ್ಲಿ ಬರೆದದ್ದು ಇದು: ಅಲ್ಲಿನ ಹೆಚ್ಚಿನ ಗಿಡಗಳು ಈ ವರ್ಷದ ಹೂವನ್ನು ಹಿಂದಿನ ಬೇಸಿಗೆಯಲ್ಲೇ ಮೊಗ್ಗಿನೊಳಗೆ ಕಟ್ಟಿಟ್ಟಿರುತ್ತವೆ. ಹಿಮ ಕರಗಿದೊಡನೆ ಅರಳುವುದಷ್ಟೇ ಬಾಕಿ. ಬ್ರಾಯಾ ಎಂಬ ಪುಟ್ಟ ಗಿಡವಂತೂ ಚಳಿ ಬಂದಾಗ ಯಾವ ಹಂತದಲ್ಲಿದ್ದರೂ ಅಲ್ಲೇ ನಿಂತು, ಮರುವರ್ಷ ಅಲ್ಲಿಂದಲೇ ಮುಂದುವರಿಯುತ್ತದೆ. ಅಂದರೆ ಇಲ್ಲಿ ಮುಖ್ಯ ಪ್ರಶ್ನೆ ಚಳಿಯಲ್ಲಿ ಸಾಯದಿರುವುದಲ್ಲ, ಸಿಕ್ಕ ನಾಲ್ಕು ದಿನದಲ್ಲಿ ಸಂಸಾರ ಮುಗಿಸುವುದು.

1961ರಲ್ಲಿ ಅಮೆರಿಕದ ಹೆರಾಲ್ಡ್ ಮೂನಿ ಮತ್ತು ಡ್ವೈಟ್ ಬಿಲಿಂಗ್ಸ್ ಈ ಪ್ರಶ್ನೆಯನ್ನು ಪ್ರಯೋಗಶಾಲೆಗೆ ತಂದರು. ನಮ್ಮ ಹಿಮಾಲಯದಲ್ಲೂ ಸಿಗುವ ಆಕ್ಸಿರಿಯಾ ಎಂಬ ಹುಳಿಸೊಪ್ಪನ್ನು ಧ್ರುವದಿಂದಲೂ ದಕ್ಷಿಣದ ಬೆಟ್ಟಗಳಿಂದಲೂ ತಂದು ಒಂದೇ ಸ್ಥಿತಿಯಲ್ಲಿ ಬೆಳೆಸಿದಾಗ, ಒಂದೇ ಜಾತಿಯಾದರೂ ನಡವಳಿಕೆ ಬೇರೆಯಾಗಿತ್ತು. ಉತ್ತರದ ಗಿಡಗಳಲ್ಲಿ ಪತ್ರಹರಿತ್ತು ಹೆಚ್ಚು; ಕಡಿಮೆ ಉಷ್ಣಾಂಶದಲ್ಲೇ ಅವುಗಳ ದ್ಯುತಿಸಂಶ್ಲೇಷಣೆ ತುತ್ತತುದಿಗೇರುತ್ತಿತ್ತು; ಹೂಬಿಡಲು ಹೆಚ್ಚು ದೀರ್ಘವಾದ ಹಗಲು ಬೇಕಾಗಿತ್ತು. ಇದಾದ ಕೆಲವೇ ವರ್ಷಗಳಲ್ಲಿ ಕೆನಡದ ಧ್ರುವದ್ವೀಪಗಳಲ್ಲಿ ದುಡಿದವರು, ಗಸಗಸೆ ಜಾತಿಯ ಹೂವೂ ಡ್ರಯಾಸ್ ಹೂವೂ ದಿನವಿಡೀ ಸೂರ್ಯನತ್ತ ತಿರುಗುತ್ತವೆ, ಅವುಗಳ ಬಟ್ಟಲಿನೊಳಗೆ ಸುತ್ತಲ ಗಾಳಿಗಿಂತ ಹೆಚ್ಚು ಬಿಸಿಯಿರುತ್ತದೆ, ಕೀಟಗಳು ಅಲ್ಲಿ ಮೈ ಕಾಯಿಸಿಕೊಳ್ಳುತ್ತವೆ ಎಂದು ತೋರಿಸಿದರು.

ಆದರೆ ಬಂದ ವರದಿಗಳೆಲ್ಲ ಪರೀಕ್ಷೆಗೆ ನಿಲ್ಲಲಿಲ್ಲ. 1967ರಲ್ಲಿ ಯೂಕಾನ್ ಪ್ರಾಂತ್ಯದ ಹೆಪ್ಪುಮಣ್ಣಿನಿಂದ ತೆಗೆದ ಹತ್ತು ಸಾವಿರ ವರ್ಷ ಹಳೆಯ ಲ್ಯೂಪಿನ್ ಬೀಜ ಮೊಳೆಯಿತೆಂಬ ಸುದ್ದಿ ಪಠ್ಯಪುಸ್ತಕ ಸೇರಿತು. 2009ರ ಇಂಗಾಲ ಕಾಲನಿರ್ಣಯದಲ್ಲಿ ಆ ಬೀಜಗಳು ಇತ್ತೀಚಿನವೆಂದು ತಿಳಿಯಿತು. ಆದರೆ 2012ರಲ್ಲಿ ರಷ್ಯದ ತಂಡವೊಂದು ಸುಮಾರು 32 ಸಾವಿರ ವರ್ಷ ಹಳೆಯ ಕಾಯಿಯ ಅಂಗಾಂಶದಿಂದ ಸೈಲೀನ್ ಗಿಡವನ್ನು ಬೆಳೆಸಿ ಹೂಬಿಡಿಸಿತು.

ನನ್ನ ಲೆಕ್ಕದಲ್ಲಿ ದೊಡ್ಡ ತಿರುವು ಕಂಡದ್ದು ಮಣ್ಣಿನಲ್ಲಿ. ತಣ್ಣನೆಯ ಮಣ್ಣಿನಲ್ಲಿ ಸತ್ತ ಎಲೆ ಬೇಗ ಕೊಳೆಯುವುದಿಲ್ಲ, ಆದ್ದರಿಂದ ಗಿಡಕ್ಕೆ ಸಾರಜನಕದ ಬರ. ಅಲಾಸ್ಕದ ಟೂಲಿಕ್ ಸರೋವರದ ಬಳಿ ಗೊಬ್ಬರ ಹಾಕುತ್ತ ಹೋದಾಗ, ಕೆಲವು ವರ್ಷಗಳಲ್ಲಿ ಕುಳ್ಳ ಬರ್ಚ್ ಪೊದೆ ಮೇಲುಗೈ ಪಡೆದು ಉಳಿದ ಗಿಡಗಳು ಹಿಂದೆ ಸರಿದವು. 1993ರಲ್ಲಿ ಟೆರಿ ಚಾಪಿನ್ ತಂಡ ಇನ್ನೂ ಅಚ್ಚರಿಯ ಸಂಗತಿ ಹೇಳಿತು: ಅಲ್ಲಿನ ಹತ್ತಿಹುಲ್ಲು ಅಮೈನೋ ಆಮ್ಲವನ್ನೇ ನೇರವಾಗಿ ಹೀರಿಕೊಳ್ಳುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಒಡೆದುಕೊಡಲೆಂದು ಕಾಯುವುದಿಲ್ಲ. ಗಿಡ ಸಾರಜನಕವನ್ನು ಖನಿಜರೂಪದಲ್ಲೇ ಪಡೆಯಬೇಕೆಂಬ ನಂಬಿಕೆ ಅಲ್ಲಿಗೆ ಸಡಿಲವಾಯಿತು.

1990ರಿಂದ ಪ್ರಶ್ನೆಯೇ ತಿರುಗಿತು: ಬಿಸಿಯಾದರೆ ಏನು? ಆ ವರ್ಷ ಶುರುವಾದ ಅಂತರರಾಷ್ಟ್ರೀಯ ಟಂಡ್ರಾ ಪ್ರಯೋಗದವರು ಮೇಲ್ಭಾಗ ತೆರೆದ ಪಾರದರ್ಶಕ ಗೂಡುಗಳನ್ನಿಟ್ಟು, ಅವುಗಳೊಳಗೆ ಒಂದರಿಂದ ಮೂರು ಡಿಗ್ರಿ ಬಿಸಿ ಏರಿಸಿ ಗಿಡಗಳನ್ನು ಗಮನಿಸುತ್ತ ಬಂದಿದ್ದಾರೆ. 2001ರಲ್ಲಿ ಮ್ಯಾಥ್ಯೂ ಸ್ಟರ್ಮ್ ಮತ್ತು ಸಂಗಡಿಗರು ಅಲಾಸ್ಕದಲ್ಲಿ ಐವತ್ತು ವರ್ಷದ ಹಿಂದೆ ವಿಮಾನದಿಂದ ತೆಗೆದ ಚಿತ್ರಗಳನ್ನು ಹೊಸವುಗಳ ಪಕ್ಕಕ್ಕಿಟ್ಟು ಪೊದೆಗಳು ಹಬ್ಬಿರುವುದನ್ನು ತೋರಿಸಿದರು. 2018ರ ದೊಡ್ಡ ಸಮೀಕ್ಷೆಯೊಂದು ಟಂಡ್ರಾದ ಗಿಡಗಳು ಒಟ್ಟಾರೆ ಎತ್ತರವಾಗುತ್ತಿವೆ ಎಂದಿತು. ಹಾಗೆಂದು ಎಲ್ಲ ಕಡೆ ಹಸಿರೇರುತ್ತಿಲ್ಲ. ಚಳಿಗಾಲದ ನಡುವೆ ಅಕಾಲದಲ್ಲಿ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದಲ್ಲಿ ಪೊದೆಗಳು ಒಣಗಿ ಕಂದಾಗಿವೆ. ಚಳಿಯಿಂದ ಕಾಪಾಡುತ್ತಿದ್ದುದು ಹಿಮದ ಹೊದಿಕೆಯೇ ತಾನೇ.

ಇಷ್ಟಾದರೂ ಶಾಸ್ತ್ರದ ಕಣ್ಣು ನೆಲದ ಮೇಲೆಯೇ ಹೆಚ್ಚು. ಗಿಡದ ಬಹುಪಾಲು ತೂಕ ಬೇರಿನಲ್ಲಿದೆ. ಸ್ವೀಡನ್ನಿನ ಅಬಿಸ್ಕೋದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಂತೆ, ಬೇರು ಬೆಳೆಯುವ ಅವಧಿ ಎಲೆಯದಕ್ಕಿಂತ ಅರ್ಧದಷ್ಟು ಹೆಚ್ಚು. ಉಪಗ್ರಹಕ್ಕೆ ಎಲೆ ಕಾಣುತ್ತದೆ, ಬೇರು ಕಾಣುವುದಿಲ್ಲ. ಇನ್ನೊಂದು ಕೊರತೆ ಭೂಪಟದ್ದು. 2018ರ ಲೆಕ್ಕದಂತೆ ಆರ್ಕ್ಟಿಕ್ ಕುರಿತ ಕ್ಷೇತ್ರ ಅಧ್ಯಯನಗಳಿಗೆ ಸಿಕ್ಕ ಉಲ್ಲೇಖಗಳಲ್ಲಿ ಶೇ. 31ರಷ್ಟು ಟೂಲಿಕ್ ಮತ್ತು ಅಬಿಸ್ಕೋ ಎಂಬ ಎರಡೇ ತಾಣಗಳ ಸುತ್ತಲಿನ ಕೆಲಸಕ್ಕೆ ಸೇರಿದ್ದವು. ಆದರೆ ಟಂಡ್ರಾದ ದೊಡ್ಡದೊಂದು ಪಾಲು ಇರುವುದು ರಷ್ಯದಲ್ಲಿ. 2022ರಲ್ಲಿ ಉಕ್ರೇನ್ ಮೇಲೆ ರಷ್ಯ ಯುದ್ಧ ಸಾರಿದ ನಂತರ ಅಲ್ಲಿನ ಕೇಂದ್ರಗಳೊಂದಿಗೆ ಪಶ್ಚಿಮದ ವಿಜ್ಞಾನಿಗಳ ಒಡನಾಟ ಬಹುಮಟ್ಟಿಗೆ ನಿಂತುಹೋಗಿದೆ.