ಹದಿನೆಂಟರ ಶಾಸಕಿ: ಸೈರಾ ಬ್ಲೇರ್ ಮತ್ತು ವೆಸ್ಟ್ ವರ್ಜೀನಿಯದ ಬಲಹೊರಳು

2014ರ ನವೆಂಬರ್ 4ರಂದು ಅಮೆರಿಕದ ವೆಸ್ಟ್ ವರ್ಜೀನಿಯ ರಾಜ್ಯದ ಕೆಳಮನೆಗೆ, ಅಂದರೆ ಹೌಸ್ ಆಫ್ ಡೆಲಿಗೇಟ್ಸ್‌ಗೆ, ರಿಪಬ್ಲಿಕನ್ ಅಭ್ಯರ್ಥಿ ಸೈರಾ ಬ್ಲೇರ್ ಆಯ್ಕೆಯಾದಾಗ ಅವರಿಗೆ 18 ವರ್ಷ. ಆ ದೇಶದ ರಾಜ್ಯ ಶಾಸಕರಲ್ಲೇ ಅತಿ ಕಿರಿಯರೆಂದು ಪತ್ರಿಕೆಗಳು ಅವರನ್ನು ಕೊಂಡಾಡಿದವು; ಬಹುಪಾಲು ಬರಹಗಳು ಆ ಬೆರಗನ್ನು ದಾಟಿ ಮುಂದೆ ಹೋಗಲಿಲ್ಲ. ಬ್ಲೇರ್ ಅವರ ರಾಜಕೀಯವನ್ನು ರೂಪಿಸಿದ್ದು ಪಕ್ಷದ ಒಳಚುನಾವಣೆ, ಮನೆಯ ಹಿನ್ನೆಲೆ ಮತ್ತು ಅರೆಕಾಲಿಕ ಶಾಸನಸಭೆ ಎಂಬ ಮೂರು ಸಂಗತಿಗಳು. ಅವರ ನಿಲುವುಗಳಲ್ಲಿ ವಯಸ್ಸಿನ ಪಾಲು ತೀರ ಚಿಕ್ಕದು ಎಂಬುದು ಈ ಲೇಖನದ ವಾದ.

ಸುದ್ದಿಯಾದದ್ದು ನವೆಂಬರ್. ನಿಜವಾದ ಪೈಪೋಟಿ ನಡೆದದ್ದು ಅದೇ ವರ್ಷದ ಮೇ ತಿಂಗಳ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಒಳಚುನಾವಣೆಯಲ್ಲಿ. ಆಗ ಬ್ಲೇರ್‌ಗೆ ಇನ್ನೂ 17. ಸಾರ್ವತ್ರಿಕ ಚುನಾವಣೆಯ ಹೊತ್ತಿಗೆ 18 ತುಂಬುವವರು ಪ್ರೈಮರಿಯಲ್ಲಿ ಭಾಗವಹಿಸಲು ಆ ರಾಜ್ಯದ ಕಾನೂನು ಅವಕಾಶ ಕೊಡುತ್ತದೆ. ಕೆಳಮನೆಯ ಸದಸ್ಯತ್ವಕ್ಕೆ 18 ಸಾಕು. ರಾಜ್ಯದ ಮೇಲ್ಮನೆಯಾದ ಸೆನೆಟ್‌ಗಾದರೆ 25 ಬೇಕು. (ನಮ್ಮ ಸಂವಿಧಾನದ 173ನೇ ವಿಧಿಯ ಪ್ರಕಾರ ವಿಧಾನಸಭೆಗೇ 25.) ಪ್ರೈಮರಿಯಲ್ಲಿ ಬ್ಲೇರ್ ಸೋಲಿಸಿದ್ದು ಎರಡನೇ ಅವಧಿಯಲ್ಲಿದ್ದ ಹಾಲಿ ಸದಸ್ಯ, ಅರವತ್ತು ದಾಟಿದ ಲ್ಯಾರಿ ಕಂಪ್ ಅವರನ್ನು. ಕಂಪ್ ಕೂಡ ಸಂಪ್ರದಾಯವಾದಿಯೇ ಆದ್ದರಿಂದ ಇಲ್ಲಿ ಎಡ-ಬಲದ ಜಗಳವಿರಲಿಲ್ಲ. ಎರಡು ಸಾವಿರ ಮತಗಳೂ ಬೀಳದ ಒಂದು ಒಳಚುನಾವಣೆಯಲ್ಲಿ ಸುಮಾರು ನೂರೈವತ್ತು ಮತಗಳ ಅಂತರ ಫಲಿತಾಂಶವನ್ನು ನಿರ್ಧರಿಸಿತು. ಇಷ್ಟು ಚಿಕ್ಕ ಕಣದಲ್ಲಿ ಮನೆಮನೆಗೆ ಕೈಬರಹದ ಪತ್ರ ಕಳಿಸುವ ಅಭ್ಯರ್ಥಿಗೆ, ಅದರಲ್ಲೂ ಪರಿಚಿತ ಮನೆತನದ ಹೆಸರಿದ್ದರೆ, ಗೆಲುವು ಅಸಾಧ್ಯವೇನಲ್ಲ. ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ವಕೀಲೆ ಲೇನ್ ಡೀಲ್ ಎದುರು ಅವರಿಗೆ ದೊರೆತದ್ದು ಶೇ. 63ರಷ್ಟು ಮತ.

ಮನೆತನದ ಮಾತನ್ನು ಪಕ್ಕಕ್ಕಿಟ್ಟು ಈ ಗೆಲುವನ್ನು ವಿವರಿಸಲಾಗದು. ತಂದೆ ಕ್ರೇಗ್ ಬ್ಲೇರ್ ಮೊದಲು ಕೆಳಮನೆಯಲ್ಲಿದ್ದವರು, 2012ರಲ್ಲಿ ಸೆನೆಟ್‌ಗೆ ಆಯ್ಕೆಯಾದವರು. ಪ್ರದೇಶವೂ ಮುಖ್ಯ. 59ನೇ ಕ್ಷೇತ್ರ ಹರಡಿದ್ದ ಬರ್ಕ್ಲಿ ಮತ್ತು ಮಾರ್ಗನ್ ಕೌಂಟಿಗಳು ರಾಜ್ಯದ ಪೂರ್ವ ತುದಿಯಲ್ಲಿವೆ. ರಾಜಧಾನಿ ಚಾರ್ಲ್ಸ್‌ಟನ್ ಅಲ್ಲಿಂದ ನಾನೂರು ಕಿಲೋಮೀಟರ್‌ಗೂ ದೂರ. ಆದರೆ ಪಕ್ಕದ ಮಾರ್ಟಿನ್ಸ್‌ಬರ್ಗ್‌ನಿಂದ ವಾಷಿಂಗ್ಟನ್‌ಗೆ ಕೆಲಸಕ್ಕೆ ಹೋಗುವವರ ರೈಲು ಓಡುತ್ತದೆ. ದಕ್ಷಿಣದ ಕಲ್ಲಿದ್ದಲು ಕಣಿವೆಗಳ ಕಾರ್ಮಿಕ ಸಂಘಗಳ ಪರಂಪರೆ ಇಲ್ಲಿ ಬೇರೂರಿರಲಿಲ್ಲ. ತೆರಿಗೆ ಇಳಿಸಿ, ಉದ್ಯಮಕ್ಕೆ ಅಡ್ಡಿ ಬೇಡ ಎಂಬ ಮಾತು ಇಲ್ಲಿ ಸಲೀಸಾಗಿ ಒಪ್ಪಿತವಾಗುತ್ತಿತ್ತು.

ಸೈರಾ ಬ್ಲೇರ್ ಮತದಾರರ ಮುಂದಿಟ್ಟ ನಿಲುವುಗಳೂ ಇದೇ ಬಗೆಯವು: ಗರ್ಭಪಾತಕ್ಕೆ ವಿರೋಧ, ಬಂದೂಕು ಹೊಂದುವ ಹಕ್ಕಿಗೆ ಬೆಂಬಲ, ಕಡಿಮೆ ತೆರಿಗೆ, ಉದ್ಯಮಸ್ನೇಹಿ ಸರ್ಕಾರ. ಹದಿಹರೆಯದ ಅಭ್ಯರ್ಥಿಯಿಂದ ನಿರೀಕ್ಷಿಸಬಹುದಾದ ಹೊಸ ವಿಷಯ ಇದರಲ್ಲಿ ಯಾವುದೂ ಇಲ್ಲ. ಹೊಸದೆಂದರೆ ಅವರು ಸಭೆಗೆ ಕಾಲಿಟ್ಟ ಗಳಿಗೆ. ಎಂಟು ದಶಕಗಳ ನಂತರ ಕೆಳಮನೆ ರಿಪಬ್ಲಿಕನ್ನರ ಪಾಲಾಗಿತ್ತು. 100ರಲ್ಲಿ 64 ಸ್ಥಾನ. ಸೆನೆಟ್‌ನಲ್ಲಿ 17-17ರ ಸಮಬಲ ಬಂದಾಗ ಡೇನಿಯಲ್ ಹಾಲ್ ಎಂಬ ಡೆಮಾಕ್ರಟ್ ಸದಸ್ಯರು ಪಕ್ಷ ಬದಲಿಸಿ ಬಹುಮತ ಕೊಟ್ಟರು. ಇಪ್ಪತ್ತು ವಾರಗಳ ನಂತರದ ಗರ್ಭಪಾತವನ್ನು ನಿಷೇಧಿಸುವ ಮಸೂದೆಯ ಕಥೆ ಈ ಹೊರಳನ್ನು ಚೆನ್ನಾಗಿ ತೋರಿಸುತ್ತದೆ. 2014ರಲ್ಲಿ ಡೆಮಾಕ್ರಟರ ಬಹುಮತವಿದ್ದ ಸಭೆಯೇ ಅದನ್ನು ಅಂಗೀಕರಿಸಿತ್ತು. ಡೆಮಾಕ್ರಟ್ ಗವರ್ನರ್ ಅರ್ಲ್ ರೇ ಟಾಮ್ಬ್ಲಿನ್ ವೀಟೊ ಹಾಕಿದರು. 2015ರಲ್ಲಿ ಮತ್ತೆ ಅಂಗೀಕಾರ, ಮತ್ತೆ ವೀಟೊ. ಈ ಬಾರಿ ಸಭೆ ವೀಟೊವನ್ನು ತಳ್ಳಿಹಾಕಿತು. ಆ ರಾಜ್ಯದಲ್ಲಿ ಸಾಮಾನ್ಯ ಮಸೂದೆಗಳ ವೀಟೊ ರದ್ದತಿಗೆ ಮೂರನೇ ಎರಡು ಬಹುಮತ ಬೇಕಿಲ್ಲ, ಪ್ರತಿ ಮನೆಯ ಸದಸ್ಯರ ಸರಳ ಬಹುಮತ ಸಾಕು. ಕಾರ್ಮಿಕ ಸಂಘಕ್ಕೆ ಶುಲ್ಕ ಕಟ್ಟುವುದನ್ನು ಉದ್ಯೋಗದ ಷರತ್ತಾಗಿಸಬಾರದೆಂಬ ‘ರೈಟ್ ಟು ವರ್ಕ್’ ಕಾನೂನು, ಪರವಾನಗಿಯಿಲ್ಲದೆ ಮರೆಮಾಡಿ ಬಂದೂಕು ಒಯ್ಯುವ ಅನುಮತಿ, ಎರಡೂ 2016ರಲ್ಲಿ ಇದೇ ದಾರಿಯಲ್ಲಿ ಜಾರಿಗೆ ಬಂದವು. ಸಾಂಸ್ಥಿಕವಾಗಿ ದುರ್ಬಲನಾದ ಗವರ್ನರ್ ಮತ್ತು ಹೊಸದಾಗಿ ದೊರೆತ ಬಹುಮತ, ಇವೆರಡರ ನಡುವೆ ಒಬ್ಬ ಯುವ ಸದಸ್ಯೆಯ ವೈಯಕ್ತಿಕ ಕೊಡುಗೆಯನ್ನು ಹಿಗ್ಗಿಸಿ ಹೇಳುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಕನ್ನಡದ ಸಂಶೋಧಕರಿಗೆ ವಿಧಾನದ ಬಗ್ಗೆ ಒಂದು ಮಾತು. ನಮ್ಮಲ್ಲಿ ಸಂವಿಧಾನದ ಹತ್ತನೇ ಅನುಸೂಚಿಯ ಪಕ್ಷಾಂತರ ನಿಷೇಧ ಮತ್ತು ಪಕ್ಷದ ಆದೇಶವಾದ ವಿಪ್‌ನಿಂದಾಗಿ ಶಾಸಕರ ಮತ ಪಕ್ಷದ ಮತವೇ ಆಗಿಬಿಡುತ್ತದೆ; ಸ್ವಂತ ನಿಲುವನ್ನು ಭಾಷಣಗಳಲ್ಲಿ ಹುಡುಕಬೇಕು. ವೆಸ್ಟ್ ವರ್ಜೀನಿಯದಲ್ಲಿ ಪಕ್ಷದ ವಿರುದ್ಧ ಮತ ಹಾಕಿದರೆ ಸ್ಥಾನ ಹೋಗುವುದಿಲ್ಲ, ಪ್ರತಿ ಸದಸ್ಯರ ಮತವೂ ದಾಖಲಾಗುತ್ತದೆ. ಹಾಗಾಗಿ ಅಲ್ಲಿನ ಶಾಸಕರ ಅಧ್ಯಯನಕ್ಕೆ ಸಂದರ್ಶನಗಳಿಗಿಂತ ಮತದಾಖಲೆಯೇ ಗಟ್ಟಿ ಆಕರ. ಬ್ಲೇರ್ ಬಗೆಗಿನ ಬರಹಗಳು ಹೆಚ್ಚಾಗಿ ಸಂದರ್ಶನಗಳನ್ನೇ ನೆಚ್ಚಿಕೊಂಡಿವೆ.

ಇನ್ನು ಮೂರನೆಯ ಸಂಗತಿ, ಅರೆಕಾಲಿಕ ಶಾಸನಸಭೆ. ವಾರ್ಷಿಕ ಅಧಿವೇಶನ 60 ದಿನ, ಸಂಬಳ ವರ್ಷಕ್ಕೆ 20,000 ಡಾಲರ್. ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಮತ್ತು ಸ್ಪ್ಯಾನಿಷ್ ಓದುತ್ತಿದ್ದ ಬ್ಲೇರ್ ವಸಂತದ ಸೆಮಿಸ್ಟರ್ ಬಿಟ್ಟು ಅಧಿವೇಶನಕ್ಕೆ ಹೋಗುವ ಏರ್ಪಾಡು ಮಾಡಿಕೊಂಡರು. ಸಂಸಾರ, ಸಾಲ, ಪೂರ್ಣಾವಧಿ ಉದ್ಯೋಗ ಇರುವವರಿಗೆ ಈ ಸಂಬಳದಲ್ಲಿ ಶಾಸಕರಾಗಿರುವುದು ಕಷ್ಟ. ನಿವೃತ್ತರಿಗೆ, ಸ್ವಂತ ವ್ಯವಹಾರವಿದ್ದವರಿಗೆ, ವಿದ್ಯಾರ್ಥಿಗಳಿಗೆ ಸಾಧ್ಯ. ಒಳಬರುವುದು ಸುಲಭವಾದಷ್ಟೇ ಹೊರಹೋಗುವುದೂ ಸುಲಭ. 2016ರಲ್ಲಿ ಮರುಆಯ್ಕೆಯಾದ ಅವರು 2018ರಲ್ಲಿ ಸ್ಪರ್ಧಿಸಲಿಲ್ಲ.

ತೆರವಾದ 59ನೇ ಕ್ಷೇತ್ರವನ್ನು ಆ ವರ್ಷ ಗೆದ್ದವರು 2014ರಲ್ಲಿ ಅವರೆದುರು ಸೋತಿದ್ದ ಅದೇ ಲ್ಯಾರಿ ಕಂಪ್. ತಂದೆಯ ವಿಷಯದಲ್ಲೂ ಒಳಚುನಾವಣೆಯೇ ನಿರ್ಣಾಯಕವಾಯಿತು: 2021ರಲ್ಲಿ ಸೆನೆಟ್ ಅಧ್ಯಕ್ಷ ಸ್ಥಾನಕ್ಕೇರಿದ ಕ್ರೇಗ್ ಬ್ಲೇರ್ 2024ರ ಮೇ ತಿಂಗಳ ರಿಪಬ್ಲಿಕನ್ ಪ್ರೈಮರಿಯಲ್ಲಿ ಟಾಮ್ ವಿಲ್ಲಿಸ್ ಎದುರು ಸೋತರು.