ಕೊಹೋಮಾ ಧ್ವನಿಮುದ್ರಣಗಳು: ಆಕರದ ಕರ್ತೃತ್ವವನ್ನು ಕುರಿತು

ಶಾಸನವನ್ನು ಆಕರವಾಗಿ ಬಳಸುವ ಇತಿಹಾಸಕಾರನು ಅದನ್ನು ಬರೆಯಿಸಿದವನಾರು, ಕೆತ್ತಿದವನಾರು, ಓದಿ ಪ್ರಕಟಿಸಿದವನಾರು ಎಂದು ವಿಚಾರಿಸದೆ ಮುಂದುವರಿಯುವುದಿಲ್ಲ. ಧ್ವನಿಮುದ್ರಣದ ವಿಷಯದಲ್ಲಿಯೂ ಈ ವಿಚಾರಣೆ ಅವಶ್ಯಕ. ಹಾಡುಗಾರನ ಕಂಠವೇ ನೇರವಾಗಿ ಕಿವಿಗೆ ಬೀಳುವುದರಿಂದ, ನಡುವೆ ಬೇರಾರೂ ಇಲ್ಲವೆಂಬ ಭ್ರಮೆ ಇಲ್ಲಿ ಸುಲಭವಾಗಿ ಹುಟ್ಟುತ್ತದೆ. ಅಮೆರಿಕದ ಮಿಸಿಸಿಪಿ ರಾಜ್ಯದ ಕೊಹೋಮಾ ಜಿಲ್ಲೆಯಲ್ಲಿ 1941-42ರಲ್ಲಿ ಮುದ್ರಿತವಾದ ಬ್ಲೂಸ್ ಹಾಡುಗಳು ಇದಕ್ಕೆ ತಕ್ಕ ನಿದರ್ಶನ. ಬ್ಲೂಸ್ ಎಂಬುದು ಆ ಪ್ರಾಂತದ ಕರಿಯ ದುಡಿಮೆಗಾರರು ಗಿಟಾರಿನೊಡನೆ ಹಾಡುತ್ತಿದ್ದ ಗೀತಪ್ರಕಾರ.

1940ರ ಏಪ್ರಿಲ್‌ನಲ್ಲಿ ಅದೇ ರಾಜ್ಯದ ನ್ಯಾಚೆಜ್ ನಗರದ ನೃತ್ಯಶಾಲೆಯೊಂದಕ್ಕೆ ಬೆಂಕಿ ಬಿದ್ದು ಇನ್ನೂರಕ್ಕೂ ಹೆಚ್ಚು ಮಂದಿ ಕರಿಯರು ಮಡಿದರು. ಈ ದುರಂತವನ್ನು ಕುರಿತು ಜನರ ಬಾಯಲ್ಲಿ ಹಾಡುಗಳು ಹುಟ್ಟುವುವೆಂದು ಊಹಿಸಿ, ಅವನ್ನು ಸಂಗ್ರಹಿಸುವ ಯೋಜನೆಯನ್ನು ಮುಂದಿಟ್ಟವರು ಫಿಸ್ಕ್ ವಿಶ್ವವಿದ್ಯಾಲಯದ ಸಂಗೀತ ಅಧ್ಯಾಪಕ ಜಾನ್ ವರ್ಕ್. ಅವರೂ ಕರಿಯ ಸಮಾಜಕ್ಕೆ ಸೇರಿದವರು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಅಲನ್ ಲೊಮ್ಯಾಕ್ಸ್ ಮುದ್ರಣಯಂತ್ರದೊಡನೆ ಬಂದು ಸೇರಿದುದು ಆ ಬಳಿಕ. ಸಂಗ್ರಹಕ್ಷೇತ್ರವಾಗಿ ಕೊನೆಗೆ ಕೊಹೋಮಾ ಜಿಲ್ಲೆಯು ನಿಶ್ಚಿತವಾಯಿತು.

1941ರ ಆಗಸ್ಟ್‌ನಲ್ಲಿ ಇವರು ಸ್ಟೋವಾಲ್ ಎಂಬ ಹತ್ತಿಯ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮೆಕಿನ್ಲಿ ಮಾರ್ಗನ್‌ಫೀಲ್ಡನ ಹಾಡುಗಳನ್ನು ಮುದ್ರಿಸಿಕೊಂಡರು. 1943ರಲ್ಲಿ ಷಿಕಾಗೋ ನಗರಕ್ಕೆ ತೆರಳಿ, ಮಡ್ಡಿ ವಾಟರ್ಸ್ ಎಂಬ ಹೆಸರಿನಿಂದ ಜಗತ್ಪ್ರಸಿದ್ಧನಾದವನು ಈತನೇ. ಒಂದು ಹಾಡು ಮುಗಿದೊಡನೆ, ಇದು ಹೇಗೆ ಹುಟ್ಟಿತೆಂದು ಆತನನ್ನು ಕೇಳಲಾಯಿತು. ಕಾರಿನ ಗಾಲಿಯ ಪಂಕ್ಚರ್ ಸರಿಪಡಿಸುತ್ತಿದ್ದಾಗ ತಾನೇ ಕಟ್ಟಿದುದೆಂದು ಆತ ಮೊದಲು ಹೇಳಿದ. ಬಳಿಕ, ಅದರ ಧಾಟಿಯನ್ನು ಸನ್ ಹೌಸ್ ಎಂಬ ಹಿರಿಯ ಗಾಯಕನಿಂದ ಕಲಿತೆನೆಂದೂ, ರಾಬರ್ಟ್ ಜಾನ್ಸನ್ ಎಂಬಾತನ ಗ್ರಾಮಫೋನ್ ತಟ್ಟೆಯೂ ಇದೆಯೆಂದೂ, ಹಾಡು ಬಂದುದು ಹತ್ತಿಯ ಹೊಲದಿಂದಲೆಂದೂ ಹೇಳಿದ. ಈ ಮಾತುಗಳು ಪರಸ್ಪರ ವಿರುದ್ಧವೆಂದು ಎಣಿಸಬೇಕಾಗಿಲ್ಲ. ಪರಂಪರೆಯಲ್ಲಿ ಬಾಳುವವನಿಗೆ ಕಲಿತುದೂ ಕಟ್ಟಿದುದೂ ಬೇರೆಬೇರೆಯಲ್ಲ.

ಈ ಹಾಡುಗಳು 1966ರಲ್ಲಿ ದೀರ್ಘಾವಧಿ ತಟ್ಟೆಯಾಗಿ ಹೊರಬಂದವು. 1993ರ ಪೂರ್ಣ ಸಂಪುಟದಲ್ಲಿ ಸಂದರ್ಶನಗಳೂ ಸೇರಿದವು. ಹಾಡನ್ನು ಮಾತ್ರ ಕೇಳಿದವನಿಗೆ ಒಬ್ಬ ಕವಿ ಕಾಣುತ್ತಾನೆ. ಸಂದರ್ಶನವನ್ನೂ ಕೇಳಿದವನಿಗೆ ಒಂದು ಸಮುದಾಯವೇ ಕಾಣುತ್ತದೆ. ಮರುಪ್ರಕಟಣೆಯಲ್ಲಿ ಏನನ್ನು ಉಳಿಸಿದರು, ಏನನ್ನು ಬಿಟ್ಟರು ಎಂಬುದು ಹೀಗೆ ಇತಿಹಾಸದ ಅರ್ಥವನ್ನೇ ಬದಲಿಸಬಲ್ಲದು.

ಸಂಗ್ರಾಹಕರಿಗೆ ದೊರೆತ ನ್ಯಾಯವಾದರೂ ಸಮನಾದುದಲ್ಲ. 1993ರಲ್ಲಿಯೇ ಪ್ರಕಟವಾದ ಲೊಮ್ಯಾಕ್ಸರ ಗ್ರಂಥದಲ್ಲಿ ವರ್ಕ್ ಅವರಿಗೆ ಅಲ್ಪಸ್ಥಾನವಷ್ಟೇ ದೊರಕಿತು. ಹಾಡುಗಳನ್ನು ಸ್ವರಲಿಪಿಗೆ ಇಳಿಸಿ ವರ್ಕ್ ಸಿದ್ಧಪಡಿಸಿದ್ದ ಹಸ್ತಪ್ರತಿಯು ಕಣ್ಮರೆಯಾಗಿದ್ದು, ಅವರು 1967ರಲ್ಲಿ ತೀರಿಕೊಂಡ ಎಷ್ಟೋ ಕಾಲದ ಮೇಲೆ, 2005ರಲ್ಲಿ, ಅವರ ಸಹೋದ್ಯೋಗಿಗಳ ಬರಹಗಳೊಡನೆ ಬೆಳಕು ಕಂಡಿತು. ಯಂತ್ರವನ್ನು ತಂದವನ ಹೆಸರು ಉಳಿದು, ಯೋಜನೆಯನ್ನು ಕಂಡವನ ಹೆಸರು ಆರು ದಶಕಗಳ ಕಾಲ ಮಸುಕಾಗಿತ್ತು. ಆದುದರಿಂದ ಧ್ವನಿಯನ್ನು ಆಕರವಾಗಿ ಸ್ವೀಕರಿಸುವ ವಿದ್ಯಾರ್ಥಿಯು ಹಾಡಿದವನನ್ನಷ್ಟೇ ಅಲ್ಲದೆ, ಕೇಳಿಸಿಕೊಂಡವರನ್ನೂ ವಿಚಾರಿಸತಕ್ಕದ್ದು.